ಮೂರೆಲೆ ಆಟದಲ್ಲಿ (ತೀನ್ ಪತ್ತಿ) ಸೀಕ್ವೆನ್ಸ್ (ಸಾಲಾಗಿ ಬರುವ ಎಲೆಗಳು) ದೊಡ್ಡದು, ಐದೆಲೆಯ ಪೋಕರ್‌ನಲ್ಲಿ ಕಲರ್ (ಎಲ್ಲ ಎಲೆಯೂ ಒಂದೇ ಜಾತಿ) ದೊಡ್ಡದು. ಯಾಕೆ ಹೀಗೆ?

ಹಾಸನದ ಕಡೆ ಮೂರೆಲೆ ಆಡಿ ರೂಢಿಯಾದವರು ಪೋಕರ್‌ಗೆ ಕೂತಾಗ ಎಡವುವುದು ಇಲ್ಲೇ. ಎರಡೂ ಕ್ರಮ ಸರಿ. ಅಪರೂಪದ ಕೈ ಮೇಲೆ ಎಂಬುದೇ ನಿಯಮ. ಎಲೆಗಳ ಸಂಖ್ಯೆ ಬದಲಾದರೆ ಯಾವುದು ಅಪರೂಪ ಎಂಬುದೂ ಬದಲಾಗುತ್ತದೆ.

52 ಎಲೆಯಿಂದ ಮೂರು ಬೀಳುವ ಬಗೆ 22,100. ಅದರಲ್ಲಿ ಸೀಕ್ವೆನ್ಸ್ 720, ಕಲರ್ 1,096. ಐದೆಲೆಗೆ ಬಂದರೆ ಒಟ್ಟು 25,98,960. ಸೀಕ್ವೆನ್ಸ್ 10,200, ಕಲರ್ ಬರೀ 5,108. ಒಂದೇ ಜಾತಿಯ ಮೂರೆಲೆ, ಅಂದರೆ ಮೂರೂ ಇಸ್ಪೀಟ್ ಜಾತಿಯೇ ಕೂಡುವುದು ಅಷ್ಟೇನೂ ಕಷ್ಟವಲ್ಲ, ನಾಲ್ಕನೆಯದೂ ಐದನೆಯದೂ ಇಸ್ಪೀಟೇ ಆಗಬೇಕು ಎಂದಾಗ ಬಿಗಿಯಾಗುತ್ತದೆ.

ಆದರೆ ಮೂರೆಲೆಯ ತುದಿಯಲ್ಲಿ ಈ ನಿಯಮ ನಡೆಯುವುದಿಲ್ಲ. ಪ್ಯೂರ್ ಸೀಕ್ವೆನ್ಸ್ (ಒಂದೇ ಜಾತಿಯ ಸಾಲು) 48, ಟ್ರೇಲ್ (ಮೂರೂ ಒಂದೇ ಅಂಕಿ) 52. ಲೆಕ್ಕದ ಪ್ರಕಾರ ಪ್ಯೂರ್ ಮೇಲಿರಬೇಕಿತ್ತು, ರೂಢಿ ಟ್ರೇಲ್‌ಗೆ ಮಣೆ ಹಾಕಿದೆ.

ಪೋಕರ್‌ನಲ್ಲಿ ಕಲರ್‌ಗಿಂತ ಮೇಲೆ ಫುಲ್ ಹೌಸ್ (ಮೂರು ಒಂದೇ ಜೊತೆಗೆ ಒಂದು ಜೋಡಿ, ಸುಮಾರು 694ಕ್ಕೆ ಒಂದು), ನಾಲ್ಕೂ ಒಂದೇ (4,165ಕ್ಕೆ ಒಂದು), ಸ್ಟ್ರೈಟ್ ಫ್ಲಶ್ (ಒಂದೇ ಜಾತಿಯ ಐದೆಲೆ ಸಾಲು). ಸೀಕ್ವೆನ್ಸ್‌ಗಿಂತ ಕೆಳಗೆ ಮೂರು ಒಂದೇ, ಎರಡು ಜೋಡಿ, ಒಂದು ಜೋಡಿ. ಅರ್ಧದಷ್ಟು ಕೈಗಳಲ್ಲಿ ಜೋಡಿಯೂ ಇರುವುದಿಲ್ಲ.

ಪೋಕರ್‌ನಲ್ಲಿ ಕೈಯ ಐದರಲ್ಲಿ ಒಂದೆಲೆ ಬದಲಿಸುವಾಗ ಕಾಣದಿರುವ ಎಲೆ 47. ಕೈಯಲ್ಲಿ ನಾಲ್ಕು ಆಟೀನ್ ಇದ್ದರೆ ಉಳಿದ 9ರಲ್ಲಿ ಒಂದು ಬರಬೇಕು: ಶೇ. 19. 5-6-7-8 ಇದ್ದರೆ ನಾಲ್ಕೋ ಒಂಬತ್ತೋ ಸಾಕು, ಶೇ. 17. 5-6-8-9 ಹಿಡಿದು ಏಳಕ್ಕೆ ಕಾದರೆ ಶೇ. 8.5 ಮಾತ್ರ. ಹೊಸಬರು ಸೋಲುವುದು ಹೆಚ್ಚಾಗಿ ಈ ನಡುಎಲೆಯ ಆಸೆಗೆ. ಕಟ್ಟಬೇಕಾದ ಹಣದ ಹನ್ನೊಂದು ಪಟ್ಟಾದರೂ ನಡುವೆ ಬಿದ್ದಿರದಿದ್ದರೆ ಕೈಬಿಡಿ.