ಹೂ ಬಾಡಿದ ಮೇಲಿನದನ್ನು ಬರೆಯಿರಿ

ಶಿಕಾಗೋದಿಂದ ಲೇಖನ ಕಳಿಸಿದ ಸೋದರಿಗೆ ನಮಸ್ಕಾರ.

ಮನೆಯೊಳಗೆ ಅಮರಿಲ್ಲಿಸ್ ಎಂಬ ಗೆಡ್ಡೆಯ ಹೂಗಿಡ ಬೆಳೆಸುವ ಬಗ್ಗೆ ನೀವು ಬರೆದದ್ದನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಗೆ ತೆಗೆದುಕೊಳ್ಳಲಾರೆ. ಆದರೆ ಬಿಟ್ಟುಬಿಡಲೂ ಮನಸ್ಸಿಲ್ಲ.

ಮೊದಲ ಎರಡು ಪುಟದಲ್ಲಿ ಇರುವುದೆಲ್ಲ ಗೆಡ್ಡೆಯ ಪೆಟ್ಟಿಗೆಯ ಮೇಲೇ ಅಚ್ಚಾಗಿರುತ್ತದೆ. ಕುಂಡದಲ್ಲಿ ನೆಡಿ, ಬೆಳಕಿಗೆ ಇಡಿ, 6ರಿಂದ 10 ವಾರದಲ್ಲಿ ಹೂ. ಗೆಡ್ಡೆ ಕೊಂಡವರಿಗೆ ಅದು ಆಗಲೇ ಸಿಕ್ಕಿದೆ, ಅಲ್ವಾ? ಆಮೇಲೆ ಮೂರನೇ ಪುಟದ ಕೊನೆಯಲ್ಲಿ ಒಂದೇ ಒಂದು ಸಾಲು: "ಎರಡನೇ ವರ್ಷ ಬರೀ ಎಲೆ ಬಂತು, ಬೇಜಾರಾಗಿ ಎಸೆದುಬಿಟ್ಟೆ." ನಾನು ಅಲ್ಲೇ ನಿಂತೆ. ಚಳಿ ದೇಶದಲ್ಲಿರುವ ನಮ್ಮವರು ಎಷ್ಟೋ ಜನ ನನಗೆ ಹೇಳಿರುವುದು ಇದನ್ನೇ. ನಿಮ್ಮ ಲೇಖನ ಆ ಸಾಲಿನಿಂದ ಶುರುವಾಗಬೇಕು.

ಯಾಕೆ ಬರೀ ಎಲೆ ಬಂತು? ಅಂಗಡಿಯಿಂದ ತಂದ ಗೆಡ್ಡೆಯೊಳಗೆ ಮೊಗ್ಗು ಆಗಲೇ ಕೂತಿರುತ್ತದೆ. ಅದನ್ನು ಬೆಳೆಸಿದ ರೈತ ಹಿಂದಿನ ವರ್ಷವೇ ಆ ಕೆಲಸ ಮುಗಿಸಿರುತ್ತಾನೆ. ಮೊದಲ ಹೂವು ಅವನ ಶ್ರಮ, ಎರಡನೆಯದು ನಮ್ಮದು. ಈ ಗಿಡ ಸುಮಾರು ನಾಲ್ಕು ಎಲೆಗೆ ಒಂದರಂತೆ ಹೂದಂಟನ್ನು ಒಳಗೆ ಕಟ್ಟಿಕೊಳ್ಳುತ್ತದೆ. ಹೂ ಬಾಡಿದಾಗ ದಂಟು ಕತ್ತರಿಸಬೇಕು, ಎಲೆ ಮುಟ್ಟಬಾರದು. ನೀವು ಎರಡನ್ನೂ ಕತ್ತರಿಸಿದ್ದಾಗಿ ಬರೆದಿದ್ದೀರಿ. ಗೆಡ್ಡೆಗೆ ಊಟ ಹಾಕುವುದೇ ಆ ಎಲೆಗಳು. ಬೇಸಿಗೆಯಿಡೀ ಬಿಸಿಲು, ನೀರು, ಸ್ವಲ್ಪ ಗೊಬ್ಬರ ಸಿಕ್ಕರೆ ಕರಗಿ ಮೆತ್ತಗಾದ ಗೆಡ್ಡೆ ಮತ್ತೆ ಗಟ್ಟಿಯಾಗುತ್ತದೆ. ನಿಮ್ಮೂರಿನಲ್ಲಿ ಮೇ ಕೊನೆಯಿಂದ ಹೊರಗೇ ಇಡಬಹುದು. ಸೆಪ್ಟೆಂಬರ್ ಕೊನೆಗೆ, ಇಬ್ಬನಿ ಹೆಪ್ಪುಗಟ್ಟುವ ಮೊದಲು, ಒಳಗೆ ತಂದು ನೀರು ಹಾಕುವುದನ್ನು ನಿಲ್ಲಿಸಿ. ಬೇಸ್‌ಮೆಂಟಿನ ತಂಪಿನಲ್ಲಿ, 10ರಿಂದ 13 ಡಿಗ್ರಿ ಸೆಲ್ಸಿಯಸ್ ಇರುವ ಕಡೆ, 8ರಿಂದ 10 ವಾರ ಮಲಗಲಿ.

ಇಲ್ಲೇ ಸಾಗರದ ನಿಮ್ಮ ಊರಮನೆಯ ಹಿತ್ತಿಲು ಬರಲಿ. ಮಳೆ ಬಿದ್ದ ಮೇಲೆ ತಾನಾಗೇ ಏಳುತ್ತಿದ್ದ ಕೆಂಪು ಲಿಲ್ಲಿಯನ್ನು ಪೀಠಿಕೆಯಲ್ಲಿ ಸುಮ್ನೆ ಅಲಂಕಾರಕ್ಕೆ ಇಟ್ಟಿದ್ದೀರಿ. ಅದೂ ಇದೇ ಕುಲದ ಗಿಡ. ಅಲ್ಲಿ ಒಣ ತಿಂಗಳುಗಳು ಕೊಡುವ ವಿಶ್ರಾಂತಿಯನ್ನು ಶಿಕಾಗೋದಲ್ಲಿ ನೀವು ಬೇಸ್‌ಮೆಂಟಿನಲ್ಲಿ ಕೊಡಬೇಕು. ಇದನ್ನು ನಿಮ್ಮ ಹಾಗೆ ಎರಡೂ ಕಡೆ ಕಂಡವರು ಮಾತ್ರ ಬರೆಯಬಲ್ಲರು.

ಕೆಲವು ತಪ್ಪು ತಿದ್ದಲೇಬೇಕು. ಗೆಡ್ಡೆಯನ್ನು ಪೂರ್ತಿ ಮುಚ್ಚಬಾರದು, ಮೂರರಲ್ಲಿ ಒಂದು ಭಾಗವಾದರೂ ಮಣ್ಣಿನ ಮೇಲಿರಲಿ. ಚಿಗುರು ಕಾಣುವ ತನಕ ದಿನಾ ನೀರು ಬೇಡ, ಕೊಳೆಯುತ್ತದೆ. ಇದು ದಕ್ಷಿಣ ಆಫ್ರಿಕಾದ ಹೂವೂ ಅಲ್ಲ. ನಿಜವಾದ ಅಮರಿಲ್ಲಿಸ್ ಅಲ್ಲಿಯದು. ನಮ್ಮ ಕುಂಡದ್ದು ದಕ್ಷಿಣ ಅಮೆರಿಕದ ಹಿಪ್ಪಿಯಾಸ್ಟ್ರಮ್. ಅಮರಿಲ್ಲಿಸ್ ಎಂಬ ಹೆಸರು ಎರಡರಲ್ಲಿ ಯಾವುದಕ್ಕೆ ಸೇರಬೇಕೆಂಬ ಜಗಳ 1987ರಲ್ಲಿ ಬರ್ಲಿನ್‌ನ ಸಸ್ಯವಿಜ್ಞಾನ ಸಮ್ಮೇಳನದಲ್ಲಿ ತೀರ್ಮಾನವಾಯಿತು. ಜನರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ, ನೀವೂ ಅದನ್ನೇ ಬಳಸಿ, ಆದರೆ ಒಂದು ಸಾಲು ಹೇಳಿಬಿಡಿ. ಇನ್ನೊಂದು, ನೀವು ಬರೆಯದೇ ಬಿಟ್ಟದ್ದು: ಗೆಡ್ಡೆಯಲ್ಲಿ ಲೈಕೋರಿನ್ ಎಂಬ ವಿಷವಿದೆ. ನೋಡಲು ಈರುಳ್ಳಿ ಹಾಗೇ ಇರುತ್ತದೆ. ಮಕ್ಕಳು, ನಾಯಿ, ಬೆಕ್ಕು ಇರುವ ಮನೆಗೆ ಈ ಮಾತು ಎಲ್ಲಕ್ಕಿಂತ ಮುಖ್ಯ.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. "ಪುಷ್ಪರಾಣಿಯು ಗೃಹದ ಶೋಭೆಯನ್ನು ಇಮ್ಮಡಿಗೊಳಿಸುತ್ತಾಳೆ" ಎಂಬಲ್ಲಿ ನನಗೆ ಏನೂ ಕಾಣಲಿಲ್ಲ. "ದಂಟು ಕಿಟಕಿ ಕಡೆ ವಾಲಿತ್ತು, ಮಗಳು ಶಾಲೆಯಿಂದ ಬಂದು ದಿನಾ ಕುಂಡ ತಿರುಗಿಸುತ್ತಿದ್ದಳು" ಎಂಬಲ್ಲಿ ಎಲ್ಲವೂ ಕಂಡಿತು. ಹೂದಂಟು ಬೆಳಕಿನತ್ತ ಬಾಗುತ್ತದೆ, ತಿರುಗಿಸುತ್ತಿರಬೇಕು ಎಂಬ ಸಲಹೆಯೂ ಅದರಲ್ಲೇ ಬಂತು. ಅಂಥ ಸಾಲುಗಳು ಇನ್ನೂ ನಾಲ್ಕು ಬರಲಿ.

ಈ ಡಿಸೆಂಬರಿನಲ್ಲಿ ಹೊಸ ಗೆಡ್ಡೆ ತರುತ್ತೀರಂತೆ. ಹೂ ಬಾಡಿದ ದಿನ ಒಂದು ನೋಟ್‌ಬುಕ್ ತೆಗೆದು ಎಲೆ ಎಣಿಸಿ ಬರೆದಿಡಿ, ತಿಂಗಳಿಗೊಮ್ಮೆ ಮತ್ತೆ ಎಣಿಸಿ. ಮುಂದಿನ ಚಳಿಗಾಲದಲ್ಲಿ ಹೂ ಬಂದರೂ ಸರಿ, ಬರದಿದ್ದರೂ ಸರಿ, ಆ ನೋಟ್‌ಬುಕ್ ಮುಂದಿಟ್ಟುಕೊಂಡು ಬರೆದು ನನಗೇ ಕಳಿಸಿ. ಅಲ್ಲಿಯ ತನಕ ಕಾಯುತ್ತೇನೆ.