ವಿಜ್ಞಾನ ಪ್ರಶ್ನೋತ್ತರ: ಬಲೂನಿಗೆ ಕ್ಯಾಮೆರಾ ಕಟ್ಟುವ ಮುನ್ನ

ಪ್ರಶ್ನೆ: ನಾವು ನಾಲ್ವರು ಗೆಳೆಯರು ಹವಾಮಾನ ಬಲೂನಿಗೆ ಪುಟ್ಟ ಕ್ಯಾಮೆರಾವೊಂದನ್ನು ಕಟ್ಟಿ, ಸುಮಾರು 30 ಕಿಲೋಮೀಟರ್ ಎತ್ತರದಿಂದ ಭೂಮಿಯ ಬಾಗನ್ನು ಚಿತ್ರಿಸಬೇಕೆಂದಿದ್ದೇವೆ. ಕ್ಯಾಮೆರಾದ ಆಯ್ಕೆಯಲ್ಲೇ ಎರಡು ತಿಂಗಳು ಕಳೆದಿವೆ. ಇಳಿದ ಪೆಟ್ಟಿಗೆಯನ್ನು ಹುಡುಕಲು ಅದರೊಳಗೊಂದು ಮೊಬೈಲ್ ಫೋನ್ ಇಟ್ಟರೆ ಸಾಕಲ್ಲವೇ?

ಉತ್ತರ: ಸಾಲದು. ಕ್ಯಾಮೆರಾದ ಚರ್ಚೆಯನ್ನು ಇಲ್ಲಿಗೇ ನಿಲ್ಲಿಸಿ. ಕೆಲವು ಸೆಕೆಂಡಿಗೊಂದು ಚಿತ್ರವನ್ನು ತಾನಾಗಿ ತೆಗೆಯುವ ಹಗುರ ಕ್ಯಾಮೆರಾ ಯಾವುದಾದರೂ ಆದೀತು. ಚಿತ್ರಗಳೆಲ್ಲ ಮೆಮೊರಿ ಕಾರ್ಡಿನಲ್ಲಿಯೇ ಉಳಿಯುವುದರಿಂದ, ಪೆಟ್ಟಿಗೆ ಕೈಸೇರದಿದ್ದರೆ ಎಷ್ಟೇ ಒಳ್ಳೆಯ ಕ್ಯಾಮೆರಾ ಇದ್ದರೂ ಫಲವಿಲ್ಲ.

ಮೊಬೈಲ್ ಜಾಲದ ಗೋಪುರಗಳು ನೆಲದತ್ತ ಮುಖ ಮಾಡಿರುತ್ತವೆ; ಕೆಲವು ಕಿಲೋಮೀಟರ್ ಮೇಲೇರುತ್ತಲೇ ಫೋನು ಮೂಕವಾಗುತ್ತದೆ, ಇಳಿದ ಜಾಗದಲ್ಲಿ ಸಿಗ್ನಲ್ ಇಲ್ಲದಿದ್ದರೆ ಮತ್ತೆ ಮಾತಾಡುವುದೇ ಇಲ್ಲ. ಆದ್ದರಿಂದ ಸ್ಥಾನವನ್ನು ರೇಡಿಯೊ ಮೂಲಕ ನಿರಂತರವಾಗಿ ಬಿತ್ತರಿಸುವ ಸಾಧನ ಬೇಕು. ಇಲ್ಲೊಂದು ತೊಡಕಿದೆ: ಕ್ಷಿಪಣಿಗಳಲ್ಲಿ ಬಳಕೆಯಾಗದಿರಲೆಂದು ಅನೇಕ ಜಿಪಿಎಸ್ ಗ್ರಾಹಕಗಳು (ಉಪಗ್ರಹಗಳ ಸಂಕೇತದಿಂದ ಸ್ಥಾನವನ್ನು ಅರಿಯುವ ಸಾಧನಗಳು) 18 ಕಿಲೋಮೀಟರ್ ದಾಟಿದೊಡನೆ ಕೆಲಸ ನಿಲ್ಲಿಸುವಂತೆ ರೂಪುಗೊಂಡಿರುತ್ತವೆ. ಅದಕ್ಕಿಂತ ಮೇಲೆಯೂ ದುಡಿಯುವಂಥದ್ದನ್ನು, ಅಗತ್ಯವಿದ್ದರೆ ಅದರಲ್ಲಿ ಎತ್ತರದ ಹಾರಾಟಕ್ಕೆಂದಿರುವ ಸೆಟ್ಟಿಂಗನ್ನು ಆರಿಸಿಕೊಂಡು, ಬಳಸಬೇಕು.

ಬಲೂನು ಮೇಲೇರುತ್ತ ಉಬ್ಬಿ ಒಡೆದ ಮೇಲೆ ಪೆಟ್ಟಿಗೆ ಪ್ಯಾರಾಚೂಟಿನಲ್ಲಿ ಇಳಿಯುತ್ತದೆ; ಅದು ಎಲ್ಲಿ ಇಳಿಯುತ್ತದೆಂಬುದು ಬಹುಮಟ್ಟಿಗೆ ನೀವು ತುಂಬುವ ಅನಿಲದ ಮೇಲೆ ನಿಂತಿದೆ. ಹೀಲಿಯಂ ಒಂದು ಘನ ಮೀಟರಿಗೆ ಸುಮಾರು ಒಂದು ಕಿಲೋ ಭಾರವನ್ನು ಎತ್ತುತ್ತದೆ. ಪೆಟ್ಟಿಗೆ, ಪ್ಯಾರಾಚೂಟ್, ದಾರಗಳ ತೂಕಕ್ಕೆ ಏರಿಕೆಗೆಂದು ಲೆಕ್ಕ ಹಾಕಿದ ಹೆಚ್ಚುವರಿ ತೂಕವನ್ನು ಸೇರಿಸಿ, ಅಷ್ಟೇ ತೂಗುವ ನೀರಿನ ಬಾಟಲಿಯನ್ನು ಬಲೂನಿನ ಕುತ್ತಿಗೆಗೆ ತೂಗುಹಾಕಿ, ಅದು ನೆಲ ಬಿಟ್ಟು ತೇಲುವಷ್ಟಕ್ಕೆ ಅನಿಲವನ್ನು ನಿಲ್ಲಿಸಿ; ಬಾಟಲಿ ಬಿಚ್ಚಿ ಪೆಟ್ಟಿಗೆಯನ್ನು ಕಟ್ಟಿದಾಗ ಆ ಹೆಚ್ಚುವರಿಯೇ ಬಲೂನನ್ನು ಏರಿಸುತ್ತದೆ. ಕಡಿಮೆ ತುಂಬಿದರೆ ಬಲೂನು ಒಡೆಯದೆ ಗಂಟೆಗಟ್ಟಲೆ ಅಲೆದು ದೂರ ಹೋದೀತು; ಅತಿಯಾದರೆ ಬೇಗನೆ ಏರಿ, ಕೆಳಗಿನ ಎತ್ತರದಲ್ಲೇ ಒಡೆದೀತು. ಸೆಕೆಂಡಿಗೆ 5 ಮೀಟರ್ ವೇಗವಿದ್ದರೆ 30 ಕಿಲೋಮೀಟರ್ ಏರಲು 100 ನಿಮಿಷ ಹಿಡಿಯುತ್ತದೆ. ಅಲ್ಲಿ ಗಾಳಿಯ ಒತ್ತಡ ನೆಲದಲ್ಲಿರುವುದರ ನೂರರಲ್ಲೊಂದು ಪಾಲಿನಷ್ಟಿರುವುದರಿಂದ, ಎರಡು ಮೀಟರ್ ಅಗಲದ ಬಲೂನು ಏಳೆಂಟು ಮೀಟರಿಗೆ ಉಬ್ಬಿ ಒಡೆಯುತ್ತದೆ. ಈ ಅಂಕಿಗಳನ್ನು ಗಾಳಿಯ ಮುನ್ಸೂಚನೆಯೊಡನೆ ಹೊಂದಿಸಿ ಇಳಿಯುವ ಜಾಗವನ್ನು ಹಿಂದಿನ ದಿನವೂ ಅಂದಿನ ಬೆಳಗ್ಗೆಯೂ ಲೆಕ್ಕ ಹಾಕಿ. ಅದು ನೀರಿನ ಮೇಲೆ ಬಂದರೆ ಹಾರಾಟವನ್ನು ಮುಂದೂಡಿ.

ವಾಯುಯಾನ ಪ್ರಾಧಿಕಾರದ ಅನುಮತಿಯಿಲ್ಲದೆ ಬಲೂನನ್ನು ಬಿಡಲೇಬೇಡಿ. 10ರಿಂದ 12 ಕಿಲೋಮೀಟರ್ ಎತ್ತರವು ಪ್ರಯಾಣಿಕ ವಿಮಾನಗಳ ದಾರಿ.

ಮೈನಸ್ 60 ಡಿಗ್ರಿಯ ಚಳಿಯಲ್ಲಿ ಸಾಮಾನ್ಯ ಆಲ್ಕಲೈನ್ ಸೆಲ್‌ಗಳು ಕೈಕೊಡುತ್ತವೆ. ಥರ್ಮೋಕೋಲ್ ಪೆಟ್ಟಿಗೆಯೊಳಗೆ ಒಮ್ಮೆ ಬಳಸಿ ಎಸೆಯುವ ಲಿಥಿಯಂ ಸೆಲ್‌ಗಳನ್ನೇ ಇಡಿ. ಕ್ಯಾಮೆರಾವನ್ನು ಅದರ ಜಲನಿರೋಧಕ ಕವಚದೊಳಗೆ ಮುಚ್ಚಿ ಕಳಿಸುವ ಆಸೆ ಬೇಡ. ಒಳಗೆ ಸಿಕ್ಕಿಕೊಂಡ ತೇವ ಗಾಜಿನ ಮೇಲೆ ಮಂಜಾಗಿ ಕೂತು, ಎರಡು ಗಂಟೆಯ ಚಿತ್ರಗಳೆಲ್ಲ ಬಿಳಿಯ ಮಬ್ಬಾಗಿ ಮರಳುತ್ತವೆ.

ಫೋನನ್ನು ಬೇಕಿದ್ದರೆ ಎರಡನೆಯ ಆಸರೆಯಾಗಿ ಇಡಿ. ಪೆಟ್ಟಿಗೆಯ ಹೊರಮೈಯಲ್ಲಿ ‘ಇದು ಅಪಾಯಕಾರಿಯಲ್ಲ’ ಎಂಬ ಮಾತನ್ನೂ ನಿಮ್ಮ ದೂರವಾಣಿ ಸಂಖ್ಯೆಯನ್ನೂ ಅಳಿಯದ ಶಾಯಿಯಲ್ಲಿ ಬರೆಯಲು ಮರೆಯಬೇಡಿ. ಅದನ್ನು ನಿಮಗಿಂತ ಮೊದಲು ಕಾಣುವವರು ಬೇರೆ ಯಾರೋ ಆಗಿರಬಹುದು.