ಆಫೀಸ್ ಖರ್ಚಿಗೆ ಸ್ವಂತ ಕ್ರೆಡಿಟ್ ಕಾರ್ಡ್ ಉಜ್ಜಿ ಪಾಯಿಂಟ್ಸ್ ಗಳಿಸುವುದು ತಪ್ಪಾ?

ಆಫೀಸಿನ ಬಿಲ್ ನಿಮ್ಮ ಕಾರ್ಡಿನಲ್ಲಿ ಕಟ್ಟುತ್ತೀರಿ, ಕಂಪನಿ ದುಡ್ಡು ವಾಪಸ್ ಕೊಡುತ್ತದೆ, ಪಾಯಿಂಟ್ಸ್ ನಿಮಗೆ ಉಳಿಯುತ್ತವೆ, "ಯಾರಿಗೂ ನಷ್ಟ ಇಲ್ಲವಲ್ಲ" ಅಂತ ಕೇಳಿದ್ದೀರಿ. ಇನ್ನು 12 ದಿನದೊಳಗೆ ಒಂದು ದೊಡ್ಡ ಬಿಲ್ ಕಟ್ಟಿದರೆ ಹೊಸ ಕಾರ್ಡಿನ ಬೋನಸ್ ಸಿಗುತ್ತದೆ ಅಂತಲೂ ಬರೆದಿದ್ದೀರಿ. ಆ 12 ದಿನ ಅನ್ನುವುದನ್ನು ಓದಿ ನನ್ನ ಎದೆ ಧಸಕ್ಕೆಂದಿತು. ನನಗೆ ಆಗ 9 ದಿನ ಉಳಿದಿತ್ತು.

ನಮ್ಮದು ಸಣ್ಣ ಕಂಪನಿ. ಖರೀದಿ ನೋಡಿಕೊಳ್ಳುವುದು ನನ್ನ ಕೆಲಸ. ಕಂಪನಿ ಕಾರ್ಡ್ ಒಂದೇ ಒಂದು ಇತ್ತು, ಅದು ಮ್ಯಾನೇಜರ್ ಹತ್ತಿರ, ಅವರು ಸದಾ ಪ್ರಯಾಣದಲ್ಲಿ. "ನಿನ್ನ ಕಾರ್ಡಲ್ಲೇ ಕಟ್ಟಿಬಿಡು, ಬಿಲ್ ಕೊಡು, ತಿಂಗಳ ಕೊನೆಗೆ ಹಾಕಿಸ್ತೀನಿ" ಅಂತ ಅವರೇ ಹೇಳಿದ್ದರು. ಹಾಗಾಗಿ ಶುರುವಿನಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ವಿಮಾನದ ಟಿಕೆಟ್, ಸಾಫ್ಟ್‌ವೇರ್ ಚಂದಾ, ಪ್ರಿಂಟರ್ ಇಂಕು, ಎಲ್ಲ ನನ್ನ ಕಾರ್ಡಿನಲ್ಲಿ. ಎರಡು ವರ್ಷ ಹೀಗೇ ನಡೆಯಿತು. ಪಾಯಿಂಟ್ಸ್ ಕೂಡಿದವು, ಒಮ್ಮೆ ಅಕ್ಕನ ಮನೆಗೆ ಹೋಗಿಬರುವ ಟಿಕೆಟ್ ಪೂರ್ತಿ ಅದರಲ್ಲೇ ಆಯಿತು. ಅದಕ್ಕೆ ನನಗೆ ಇವತ್ತಿಗೂ ಬೇಸರ ಇಲ್ಲ. ಕಂಪನಿ ಖರ್ಚಿಗೆ ನನ್ನ ಸಾಲದ ಮಿತಿ ಬಳಸುತ್ತಿತ್ತು. ದುಡ್ಡು ಬರುವುದು ತಡವಾದರೆ ಬಡ್ಡಿ ಬೀಳುತ್ತಿದ್ದದ್ದು ನನ್ನ ತಲೆ ಮೇಲೆ.

ಆದರೆ ಒಂದು ಬದಲಾವಣೆ ನನಗೇ ಗೊತ್ತಾಗದಂತೆ ಆಗಿತ್ತು. ಮೊದಲು ಬೇರೆ ದಾರಿ ಇಲ್ಲದಾಗ ಕಾರ್ಡ್ ಕೊಡುತ್ತಿದ್ದೆ. ಆಮೇಲೆ ಕಾರ್ಡ್ ಕೊಡಲು ಕಾರಣ ಹುಡುಕತೊಡಗಿದೆ.

ಅಷ್ಟರಲ್ಲಿ ಹೊಸ ಕಾರ್ಡ್ ತೆಗೆದುಕೊಂಡೆ. ಮೊದಲ 90 ದಿನದಲ್ಲಿ ಇಷ್ಟು ಖರ್ಚು ಮಾಡಿದರೆ ದೊಡ್ಡ ಬೋನಸ್. ಸಂಬಳದಲ್ಲಿ ಮುಟ್ಟುವ ಮೊತ್ತ ಅಲ್ಲ ಅದು. 81ನೇ ದಿನ ಆಫೀಸಿಗೆ 12 ಲ್ಯಾಪ್‌ಟಾಪ್‌ಗಳ ಬಿಲ್ ಬಂತು.

ಬಿಲ್ ಎರಡು ಪುಟ. ಮೊದಲ ಪುಟದಲ್ಲಿ ಸಾಮಾನು ಮತ್ತು ಒಟ್ಟು ಮೊತ್ತ. ಎರಡನೇ ಪುಟದಲ್ಲಿ ಷರತ್ತುಗಳು, ಅದರ ಕೊನೆಯಲ್ಲಿ "2/10, ನೆಟ್ 30" ಅಂತ ಒಂದು ಸಾಲು. ಖರೀದಿ ವಿಭಾಗದಲ್ಲಿ ಇರುವವರಿಗೆಲ್ಲ ಇದು ಗೊತ್ತು. 10 ದಿನದೊಳಗೆ ಕಟ್ಟಿದರೆ ಶೇ 2 ಕಡಿತ, ಇಲ್ಲದಿದ್ದರೆ 30 ದಿನದೊಳಗೆ ಪೂರ್ತಿ ಮೊತ್ತ. ಅದರ ಕೆಳಗೆ, ಕಡಿತ ಬ್ಯಾಂಕ್ ವರ್ಗಾವಣೆಗೆ ಮಾತ್ರ, ಕಾರ್ಡಿಗೆ ಇಲ್ಲ ಅಂತ ಇತ್ತು. ಮಾರಿದವರ ಮೇಲೆ ತಪ್ಪಿಲ್ಲ, ಕಾರ್ಡ್ ತೆಗೆದುಕೊಂಡರೆ ಅವರು ಶುಲ್ಕ ಕಟ್ಟಬೇಕಲ್ಲ.

ನಾನು ಆ ಸಾಲು ಓದಿದೆ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಆಮೇಲೆ ಎಷ್ಟೋ ಸಲ "ಗಮನಿಸಲಿಲ್ಲ" ಅಂತ ನನಗೆ ನಾನೇ ಹೇಳಿಕೊಂಡಿದ್ದೇನೆ. ಗಮನಿಸಿದ್ದೆ. ಶೇ 2 ಅಂದರೆ ಎಷ್ಟಾಗುತ್ತದೆ ಅಂತ ಫೋನಿನಲ್ಲಿ ಲೆಕ್ಕವನ್ನೂ ಹಾಕಿದೆ. ನನಗೆ ಬರುವ ಮಾಮೂಲಿ ಪಾಯಿಂಟ್ಸ್ ಶೇ 1ರಷ್ಟು, ಅದರ ಮೇಲೆ ಬೋನಸ್. ಕಂಪನಿಗೆ ಶೇ 2 ನಷ್ಟ ಆಗುತ್ತದೆ, ನನಗೆ ಬೋನಸ್ ಬರುತ್ತದೆ, ಇಷ್ಟು ದೊಡ್ಡ ಖರೀದಿಯಲ್ಲಿ ಈ 2 ಯಾರ ಕಣ್ಣಿಗೂ ಬೀಳುವುದಿಲ್ಲ ಅಂದುಕೊಂಡೆ. ಮರುದಿನವೇ ಕಾರ್ಡ್ ಉಜ್ಜಿದೆ.

ಆದರೆ ನನಗೆ ದುಬಾರಿಯಾದ ತಪ್ಪು ಇದೂ ಅಲ್ಲ. ದುಡ್ಡು ವಾಪಸ್ ಕೇಳಲು ಬಿಲ್ ಸ್ಕ್ಯಾನ್ ಮಾಡಬೇಕಿತ್ತು. ಮೊದಲ ಪುಟ ಯಂತ್ರದ ಗಾಜಿನ ಮೇಲೆ ಇಟ್ಟೆ, ಬಂತು. ಎರಡನೇ ಪುಟ ಕೈಯಲ್ಲೇ ಇತ್ತು. ಒಟ್ಟು ಮೊತ್ತ ಮೊದಲ ಪುಟದಲ್ಲೇ ಇದೆ, ಇದು ಸುಮ್ನೆ ಷರತ್ತು, ಯಾರು ಓದುತ್ತಾರೆ ಅಂತ ಮನಸ್ಸಿನಲ್ಲೇ ಒಂದು ವಾದ ಕಟ್ಟಿದೆ. ಎರಡು ವರ್ಷದಲ್ಲಿ ನಾನು ಯಾವ ಬಿಲ್ಲಿನ ಒಂದು ಪುಟವನ್ನೂ ಬಿಟ್ಟಿರಲಿಲ್ಲ. ಹಿಂಬದಿ ಖಾಲಿ ಇದ್ದರೂ ಸ್ಕ್ಯಾನ್ ಮಾಡಿ ಹಾಕುವ ಜಾತಿ ನಾನು. ಅವತ್ತು ಆ ಪುಟವನ್ನು ಮಡಚಿ ಡ್ರಾಯರಿನಲ್ಲಿ ಹಾಕಿದೆ. ಹರಿದು ಎಸೆಯಲೂ ಇಲ್ಲ. ಎಸೆದರೆ ತಪ್ಪು ಮಾಡಿದಂತೆ, ಇಟ್ಟುಕೊಂಡರೆ ಅಲ್ಲ ಅನ್ನುವ ಲೆಕ್ಕ. ಕಾರ್ಡಿನ ಬಾಕಿ ಕಟ್ಟಬೇಕು ಅಂತ ಅವಸರ ಮಾಡಿ ಅದೇ ವಾರ ದುಡ್ಡೂ ಹಾಕಿಸಿಕೊಂಡೆ.

ನಾಲ್ಕು ತಿಂಗಳ ನಂತರ ಇನ್ನೊಂದು ಆರ್ಡರ್ ಹೋಯಿತು. ಲ್ಯಾಪ್‌ಟಾಪ್ ಕೊಟ್ಟವರು ನಮ್ಮ ಅಕೌಂಟ್ಸ್ ಮೇಡಂಗೆ ಫೋನ್ ಮಾಡಿ, ಒಳ್ಳೆಯ ಮನಸ್ಸಿನಿಂದಲೇ, "ಹೋದ ಸಲ ಡಿಸ್ಕೌಂಟ್ ಬಿಟ್ಟಿರಿ, ಈ ಸಲ ತಗೊಳ್ತೀರಾ?" ಅಂತ ಕೇಳಿದರು. ಮೇಡಂ ಅವರಿಂದ ಹಳೆಯ ಬಿಲ್ ತರಿಸಿಕೊಂಡರು. ನಾನು ಅವರ ಮೇಜಿನ ಹತ್ತಿರ ಹೋದಾಗ ಎರಡೂ ಪುಟ ಪಕ್ಕಪಕ್ಕ ಇದ್ದವು, ಆ ಸಾಲಿನ ಕೆಳಗೆ ಪೆನ್ಸಿಲ್ ಗೆರೆ. "ಈ 2 ಬಿಟ್ಟು 20 ದಿನ ಜಾಸ್ತಿ ತಗೊಂಡರೆ ವರ್ಷಕ್ಕೆ ಶೇ 37ರ ಬಡ್ಡಿಗೆ ಸಾಲ ತೆಗೆದಂತೆ. ನಾವು ಆ 20 ದಿನವನ್ನೂ ತಗೊಂಡಿಲ್ಲ. ಸುಮ್ನೆ ಕೊಟ್ಟುಬಿಟ್ಟಿದ್ದೀವಿ. ಯಾಕೆ?" ಅಂದರು. ನನಗೆ ಬಾಯಿ ಬರಲಿಲ್ಲ.

ಮ್ಯಾನೇಜರ್ ಕೂಗಾಡಲಿಲ್ಲ. ಎರಡು ವರ್ಷದ ನನ್ನ ಬಿಲ್ಲುಗಳನ್ನೆಲ್ಲ ಮತ್ತೆ ನೋಡಿ ಅಂದರು, ಅಷ್ಟೇ. ಎರಡು ದಿನ ಮೇಡಂ ಎದುರು ಕೂತು ಒಂದೊಂದೇ ಬಿಲ್ಲಿಗೆ ಉತ್ತರ ಕೊಟ್ಟೆ. ಬೇರೆ ಯಾವುದರಲ್ಲೂ ತಪ್ಪಿರಲಿಲ್ಲ. ಆದರೂ ಪ್ರತಿಯೊಂದನ್ನೂ ಸರಿ ಅಂತ ಸಾಬೀತು ಮಾಡಬೇಕಾಯಿತು. ಒಂದು ಪುಟ ಅಡಗಿಸಿದವನ ಉಳಿದ ಪುಟಗಳನ್ನು ಯಾರು ನಂಬುತ್ತಾರೆ ಹೇಳಿ? ಆ ಶೇ 2 ನಾನೇ ಕಟ್ಟಿದೆ. ಖರೀದಿ ಕೆಲಸ ಬೇರೆಯವರಿಗೆ ಹೋಯಿತು. ಆ ವರ್ಷ ಬರಬೇಕಿದ್ದ ಬಡ್ತಿ ಬರಲಿಲ್ಲ. ಎಂಟು ತಿಂಗಳಿಗೆ ಕೆಲಸ ಬಿಟ್ಟೆ, ಬಿಡಿಸಿದ್ದಲ್ಲ, ಮೇಡಂ ಮುಖ ನೋಡಲು ಆಗುತ್ತಿರಲಿಲ್ಲ.

ಅದಕ್ಕೇ ನಿಮ್ಮ "ಯಾರಿಗೂ ನಷ್ಟ ಇಲ್ಲ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಪಾಯಿಂಟ್ಸ್ ಆಕಾಶದಿಂದ ಬೀಳುವುದಿಲ್ಲ. ಕಾರ್ಡ್ ಉಜ್ಜಿದಾಗಲೆಲ್ಲ ಮಾರುವವರು ಶುಲ್ಕ ಕಟ್ಟುತ್ತಾರೆ, ಅದರಲ್ಲಿ ಒಂದು ಪಾಲು ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗುತ್ತದೆ, ನಿಮ್ಮ ಪಾಯಿಂಟ್ಸಿಗೆ ಅಲ್ಲಿಂದ ದುಡ್ಡು ಬರುತ್ತದೆ. ಆ ಪಾಲಿಗೆ ಇಂಟರ್‌ಚೇಂಜ್ ಅನ್ನುತ್ತಾರೆ. ಯುರೋಪಿಯನ್ ಒಕ್ಕೂಟ 2015ರಲ್ಲಿ ಗ್ರಾಹಕರ ಕ್ರೆಡಿಟ್ ಕಾರ್ಡಿಗೆ ಅದು ಶೇ 0.3 ದಾಟಬಾರದು ಅಂತ ಮಿತಿ ಹಾಕಿತು. ಅಷ್ಟರಲ್ಲಿ ಶೇ 1ರ ಪಾಯಿಂಟ್ಸ್ ಹೇಗೆ ಕೊಡುವುದು? ಯಾರೋ ಕಟ್ಟಿದರೆ ತಾನೇ ನಿಮಗೆ ಬರುವುದು.

ನಿಮ್ಮ ಗೆಳೆಯ ಕೌಂಟರಿನಲ್ಲಿ ಗ್ರಾಹಕರು ಕೊಟ್ಟ ನಗದು ಜೇಬಿಗೆ ಹಾಕಿಕೊಂಡು, ಅಷ್ಟೇ ಮೊತ್ತಕ್ಕೆ ತನ್ನ ಕಾರ್ಡ್ ಉಜ್ಜುತ್ತಾನೆ, ಅದಕ್ಕಿಂತ ನಿಮ್ಮದು ವಾಸಿ ಅಂತಲೂ ಬರೆದಿದ್ದೀರಿ. ಅವನದು ಸೀದಾ ಮಾಲೀಕರ ಗಂಟು ತಿನ್ನುವುದು. ಕಾರ್ಡಿನ ಶುಲ್ಕ ಇಲ್ಲದೇ ಮುಗಿಯುತ್ತಿದ್ದ ವ್ಯಾಪಾರಕ್ಕೆ ಅಂಗಡಿಯವರು ಶುಲ್ಕ ಕಟ್ಟುತ್ತಿದ್ದಾರೆ. ಅವನ ಜೊತೆ ನಿಮ್ಮನ್ನು ಹೋಲಿಸಿಕೊಳ್ಳಬೇಡಿ, ಅದು ಅಳತೆಗೋಲೇ ಅಲ್ಲ.

ಪಾಯಿಂಟ್ಸ್ ನಿಜವಾಗಿ ಯಾರದು ಅಂತ ಕೇಳಿದ್ದೀರಿ. ಅದು ಕೆಲಸ ಕೊಟ್ಟವರು ಏನು ಹೇಳಿದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ. ಅಮೆರಿಕದಲ್ಲಿ ಕೇಂದ್ರ ಸರ್ಕಾರಿ ನೌಕರರ ಅಧಿಕೃತ ಪ್ರಯಾಣದ ವಿಮಾನ ಮೈಲುಗಳು ಮೊದಲು ಸರ್ಕಾರದ ಸ್ವತ್ತಾಗಿದ್ದವು, 2001ರ ಕೊನೆಯಲ್ಲಿ ಬಂದ ಕಾನೂನು ಅವನ್ನು ನೌಕರರೇ ಇಟ್ಟುಕೊಳ್ಳಬಹುದು ಅಂದಿತು. ಮರುವರ್ಷ, 2002ರಲ್ಲಿ, ಜರ್ಮನಿಯಲ್ಲಿ ಗ್ರೆಗೋರ್ ಗೀಸಿ ಬರ್ಲಿನ್ ಸರ್ಕಾರದ ಸಚಿವ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು, ಸಂಸದರಾಗಿದ್ದಾಗ ಕೆಲಸದ ಪ್ರಯಾಣದಲ್ಲಿ ಬಂದ ಮೈಲುಗಳನ್ನು ಸ್ವಂತಕ್ಕೆ ಬಳಸಿದ್ದರು ಅಂತ. ಅದೇ ಮೈಲು, ಒಂದು ಕಡೆ ಹಕ್ಕು, ಇನ್ನೊಂದು ಕಡೆ ಕುರ್ಚಿಯೇ ಹೋಯಿತು. ನಿಮ್ಮ ಕಂಪನಿಯ ನಿಯಮ ಏನು ಅಂತ ನೀವು ಬರೆದೇ ಇಲ್ಲ. ಕೇಳಿದ್ದೀರಾ?

ಕೇಳಿ. ಪಾಯಿಂಟ್ಸಿಗೆ ಸಂಕೋಚ ಪಡಬೇಡಿ, ನಿಮ್ಮ ಸಾಲದ ಮಿತಿ ಬಳಸುವ ಕಂಪನಿ ಅಷ್ಟಾದರೂ ಬಿಟ್ಟುಕೊಡಬೇಕು ಅನ್ನುವುದು ನನ್ನ ಅಭಿಪ್ರಾಯ. ನನ್ನ ಈಗಿನ ಆಫೀಸಿನಲ್ಲಿ ಸೇರಿದ ವಾರವೇ ಮೇಲ್ ಹಾಕಿ ಕೇಳಿದೆ, ಒಂದೇ ಸಾಲಿನಲ್ಲಿ "ಇಟ್ಕೊಳ್ಳಿ, ಆದರೆ ಬ್ಯಾಂಕ್ ವರ್ಗಾವಣೆಗೆ ಕಡಿಮೆ ಇದ್ದರೆ ಅದರಲ್ಲೇ ಕಟ್ಟಿ" ಅಂತ ಉತ್ತರ ಬಂತು.

ನಿಮ್ಮ ಆ ದೊಡ್ಡ ಬಿಲ್ ಈಗಲೇ ತೆಗೆದು ಕೊನೆಯ ಪುಟದವರೆಗೆ ಓದಿ. ವರ್ಗಾವಣೆಗೆ ಕಡಿತ ಇದ್ದರೆ, ಅಥವಾ ಕಾರ್ಡಿಗೆ ಹೆಚ್ಚುವರಿ ಶುಲ್ಕ ಇದ್ದರೆ, ಆ ಬೋನಸ್ ಬಿಟ್ಟುಬಿಡಿ. ಇಲ್ಲ ಅಂದರೂ ಇವತ್ತೇ ಮ್ಯಾನೇಜರ್‌ಗೆ ಬರೆಯಿರಿ, ಬೋನಸ್ ವಿಷಯ ಸೇರಿಸಿ, ಬಿಲ್ಲಿನ ಎಲ್ಲ ಪುಟಗಳನ್ನೂ ಜೊತೆಗೆ ಹಾಕಿ. 12 ದಿನ ಇದೆ ಅಂದಿರಲ್ಲ, ಒಂದು ಉತ್ತರ ಬರಲು ಅಷ್ಟು ಸಮಯ ಸಾಕು.